ಚಕ್ಕುಬಂದಿ

ಅವರೆ ಹೂ ಕಳೆದು ಕಾಯಿ ಕಚ್ಚಿದ ತಿಂಗಳು.
ಅಂತರಗಂಗೆ ಬೆಟ್ಟವನ್ನು ಮಂಜು
ಸೊಂಟದವರೆಗೆ ನುಂಗಿತ್ತಂತೆ.
ಎಲ್ಲೋ ಜಪಾನಿನವರ ಮೇಲೆ ಯುದ್ಧ. ಊರಿಗೆ ಅದರಿಂದ ಬಂದದ್ದು
ಸೀಮೆಎಣ್ಣೆ ಚೀಟಿ, ಸಕ್ಕರೆ ಚೀಟಿ,
ದಿನಕ್ಕೆರಡು ಸಲ ನೆತ್ತಿಯ ಮೇಲೆ ಒಂದು ಗುಂಯ್.
ಎಮ್ಮೆಗಳೂ ಅದಕ್ಕೆ ಒಗ್ಗಿಹೋಗಿದ್ದವು.

ಆ ದಿನ ಗುಂಯ್ ನಡುವೆ ಕೆಮ್ಮಿತು.
ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ.
ಹೆದರಿದ್ದು ಆಗಲೇ ಎನ್ನುತ್ತಿದ್ದ ತಾತ,
ತೋಟಿ ಪಿಳ್ಳಪ್ಪ, ಕಂದಾಯದ ಡಂಗುರ ಸಾರಿ
ಕೆರೆ ಏರಿಯ ಮೇಲೆ ಬರುತ್ತಿದ್ದವನು.

ಒಂಟಿ ಸೀಟಿನ ವಿಮಾನ. ಅವರೆ ಸಾಲನ್ನು
ಕುಂಟೆ ಹೊಡೆದ ಹಾಗೆ ನೂರು ಮಾರು ಗೀರಿ
ಹುತ್ತಕ್ಕೆ ಮೂತಿ ಕೊಟ್ಟು ನಿಂತಿತ್ತು.
ಊರು ಓಡಿ ಬಂತು; ಪೆಟ್ರೋಲಿನ ನಾತಕ್ಕೆ
ಬದುವಿನ ಮೇಲೇ ನಿಂತಿತು.
ಶಾನುಭೋಗರು ಕೊಡೆಯ ತುದಿಯಿಂದ ತೋರಿಸಿ
"ಹೋಗಿ ನೋಡೋ" ಅಂದರು.
ಸತ್ತ ದನ, ಕೆರೆಯಲ್ಲಿ ತೇಲಿದ ಹೆಣ, ಇಂಥವಕ್ಕೆಲ್ಲ
ಹೋಗಿ ನೋಡುವವನು ತಾತನೇ ತಾನೆ.

ಒಡೆದ ಗಾಜಿನೊಳಗೆ ಒಬ್ಬ ಹುಡುಗ.
ಮೀಸೆ ಬರಲೋ ಬೇಡವೋ ಅಂತಿತ್ತು.
ನಮ್ಮ ಬಿಸಿಲಿಗೆ ಮೂಗಿನ ತೊಗಲು ಸಿಪ್ಪೆ ಎದ್ದಿತ್ತು.
ಸೊಂಟದಿಂದ ಕೆಳಗೆ ಯಾವುದು ಕಬ್ಬಿಣ, ಯಾವುದು ಅವನು,
ಗೊತ್ತಾಗುವಂತಿರಲಿಲ್ಲ.
ಬೆಲ್ಟು ಕೊಯ್ಯಲು ತಾತ ಕುಡುಗೋಲು ಚಾಚಿದರೆ
ಅವನು ಕೈ ಹಿಡಿದುಕೊಂಡ.
ಊರಲ್ಲಿ ಹಾಗೆ ಯಾರೂ ಹಿಡಿದದ್ದಿಲ್ಲದ ಕೈ;
ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ ಅಂತಿದ್ದ.

ಹುಡುಗ ಕೇಳಿದ: "ಎಲ್ಲಿ?"

ನಮ್ಮ ಮನೆಮಾತಿನಲ್ಲಾದರೆ ಎಕ್ಕಡ.
ಇವನು ನೋಡು, ಅಮಲ್ದಾರರ ಹಾಗೆ ಕನ್ನಡದಲ್ಲಿ ಕೇಳುತ್ತಾನೆ!
ಅಮಲ್ದಾರರು ಕೇಳಿದರೆ ಹೇಗೋ ಹಾಗೇ
ತಾತ ಒಪ್ಪಿಸಿದ:
ಗ್ರಾಮ ಗೌನಬಂಡೆ, ಕಸಬಾ ಹೋಬಳಿ, ತಾಲ್ಲೂಕು ಕೋಲಾರ.
ಸರ್ವೆ ನಂಬರು ನಲವತ್ತೇಳು, ಖುಷ್ಕಿ,
ಎರಡು ಎಕರೆ ಹನ್ನೊಂದು ಗುಂಟೆ.
ಪೂರ್ವಕ್ಕೆ ಕೆರೆಕೋಡಿ,
ಪಶ್ಚಿಮಕ್ಕೆ ಪಟೇಲರ ಮಾವಿನತೋಪು,
ಉತ್ತರಕ್ಕೆ ಸರ್ಕಾರಿ ಖರಾಬು,
ದಕ್ಷಿಣಕ್ಕೆ ನಮ್ಮ ಜನದ ಮಸಣ.

"ಎಲ್ಲಿ..." ಮತ್ತೆ ಹುಡುಗ.
ಪರದೇಶದ ಮಗು, ದಿಕ್ಕು ತಪ್ಪಿದೆ ಪಾಪ ಎಂದು
ಮತ್ತೆ ಒಪ್ಪಿಸಿದ, ಮೊದಲಿಗಿಂತ ನಿಧಾನವಾಗಿ.
ಮೂರನೆಯ ಸಲ ಪಶ್ಚಿಮಕ್ಕೆ ಬರುವಾಗ
ಹಿಡಿದ ಕೈ ಭಾರವಾಯಿತು.
ಉತ್ತರ, ದಕ್ಷಿಣ ಹೇಳಿಯೇ ಮುಗಿಸಿದ.
ಅರ್ಧಕ್ಕೆ ಬಿಡುವಂಥದ್ದಲ್ಲ ಚಕ್ಕುಬಂದಿ.

ಲಾರಿ ಬಂತು. ಹುಡುಗನನ್ನು ಒಯ್ದರು, ಮಾರನೆಯ ದಿನ ಕಬ್ಬಿಣವನ್ನು.
ರಾತ್ರಿ ಕಾವಲಿಗೆ ತಾತನಿಗೆ ಒಂದು ರೂಪಾಯಿ.
ಶಾನುಭೋಗರು ಉರುಟಾದ ಅಕ್ಷರದಲ್ಲಿ ವರದಿ ಬರೆದರು:
ಸಾಯುವ ಮುನ್ನ ಏನೂ ನುಡಿಯಲಿಲ್ಲ.
ತಾತನನ್ನು ಯಾರೂ ಕೇಳಿರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ, ಇಂಗ್ಲಿಷಿನ ಜಂಬ ಹೊಸದು,
ಥಟ್ಟನೆ ಅಂದುಬಿಟ್ಟೆ:
"ಅದು ಯಾರದೋ ಹೆಸರಿರಬೇಕು ತಾತ.
ಅವರಲ್ಲಿ ಎಲ್ಲಿ ಅಂತ ಹೆಣ್ಣುಮಕ್ಕಳಿಗೆ ಇಡುತ್ತಾರೆ."
ತಾತ ಎಲೆಯ ತೊಟ್ಟು ಮುರಿಯುತ್ತಿದ್ದ.
ಸುಣ್ಣ ಹಚ್ಚುವುದನ್ನು ನಿಲ್ಲಿಸಿದ,
ಮತ್ತೆ ಹಚ್ಚಿದ.
ಬಹಳ ಹೊತ್ತಿನ ಮೇಲೆ, "ಇದ್ದೀತು" ಅಂದ.
"ನನಗೆ ಬಂದದ್ದನ್ನು ನಾನು ಹೇಳಿದೆ."
ಆ ಕಥೆಯನ್ನು ಮತ್ತೆ ಅವನ ಬಾಯಲ್ಲಿ ಕೇಳಲಿಲ್ಲ.
ಇವತ್ತಿಗೂ ಆ ಜಾಣತನ ಚುಚ್ಚುತ್ತದೆ.

ಎಲ್ಲಿ ಎಂಬಾಕೆಯೇ,
ಎಲ್ಲಾದರೂ ಇದ್ದರೆ ನಿನಗೀಗ ನೂರು ದಾಟಿರಬೇಕು.
ಅಕ್ಕನೋ, ಮಡದಿಯಾಗಬೇಕಿದ್ದವಳೋ, ನಾಯಿಮರಿಯೋ,
ಯಾರಾದರೂ ಆಗು. ಹಳೆಯದು ತಪ್ಪಾಗಿದೆ,
ತಿದ್ದಿ ಹೇಳುತ್ತೇನೆ, ಬರೆದುಕೊ:

ಪೂರ್ವಕ್ಕೆ ಕೋಡಿ ಮುಚ್ಚಿ ಹಾಕಿದ ಡಾಂಬರು ರಸ್ತೆ.
ಪಶ್ಚಿಮಕ್ಕೆ ತೋಪಿಲ್ಲ, ಬಿಳಿ ಕಲ್ಲು ನೆಟ್ಟ ಸೈಟುಗಳು.
ಉತ್ತರಕ್ಕೆ ಖರಾಬು, ಅದು ಹಾಗೇ ಇದೆ.
ದಕ್ಷಿಣಕ್ಕೆ ಮಸಣ; ಬದುವಿಗೆ ಹತ್ತಿರ, ಮೊದಲನೆಯದು, ತಾತ.

ನಡುವೆ ಎರಡು ಎಕರೆ ಹನ್ನೊಂದು ಗುಂಟೆ.
ಎಷ್ಟೋ ವರ್ಷ ಆ ಗೀರಿನುದ್ದಕ್ಕೂ ಬೆಳೆದ ಕಾಯಿಯನ್ನು
ಯಾರೂ ತಿನ್ನುತ್ತಿರಲಿಲ್ಲವಂತೆ, ಎಣ್ಣೆಯ ವಾಸನೆ ಎಂದು.
ಈ ಸಲ ಹೋಗಿದ್ದೆ. ಒಂದು ಕಾಯಿ ಕಿತ್ತು
ಉಗುರಿನಲ್ಲಿ ಸೀಳಿ ಮೂಗಿಗೆ ಹಿಡಿದೆ.
ಸೊಗಡು ಇದೆ.